ಕಥೆ ಚೆನ್ನಾಗಿದೆ, ತಾರೀಕು ಎಲ್ಲಿದೆ? ಇಂಗ್ಲಿಷ್ ನುಡಿಗಟ್ಟುಗಳ ಹುಟ್ಟು

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನುಡಿಗಟ್ಟಿನ ಜೊತೆ ಅದರ ಹಿಂದಿನ ಕಥೆಯನ್ನೂ ಹೇಳಿದರೆ ಮಕ್ಕಳಿಗೆ ಬೇಗ ನೆನಪುಳಿಯುತ್ತದೆ. ಹಾಗಾಗಿ ವಾಟ್ಸಾಪ್‌ನಲ್ಲಿ ಬಂದ ಕೆಲವು ಕಥೆಗಳನ್ನು ಕ್ಲಾಸಿನಲ್ಲಿ ಹೇಳಿದೆ. ಹುಲ್ಲಿನ ಮಾಡಿನ ಮೇಲೆ ಮಲಗಿದ್ದ ಬೆಕ್ಕು ನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದವು, ಅದಕ್ಕೇ ಜೋರು ಮಳೆಗೆ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಅನ್ನುತ್ತಾರೆ ಎಂದೆ. ಹೆಬ್ಬೆರಳಿಗಿಂತ ದಪ್ಪ ಇರದ ಕೋಲಿನಲ್ಲಿ ಹೆಂಡತಿಗೆ ಹೊಡೆಯಬಹುದು ಎಂಬ ಹಳೆ ಕಾನೂನಿನಿಂದ, ಅಂದಾಜಿನ ಲೆಕ್ಕಕ್ಕೆ ಹೇಳುವ 'ರೂಲ್ ಆಫ್ ಥಂಬ್' ಬಂತು ಎಂದೆ. ಕಷ್ಟವನ್ನು ಸಹಿಸಿಕೊಳ್ಳುವುದಕ್ಕೆ ಹೇಳುವ 'ಬೈಟ್ ದ ಬುಲೆಟ್' 1857ರ ಸಿಪಾಯಿಗಳಿಂದ, ಸಿರಿವಂತರ ಠೀವಿಗೆ ಹೇಳುವ 'ಪಾಷ್' ಹಡಗಿನ ಟಿಕೆಟ್‌ನಿಂದ ಬಂತು ಎಂದೂ ಹೇಳಿದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು, "ಮಿಸ್, ಇದೆಲ್ಲ ನಿಜಾನಾ? ಯಾರು ನೋಡಿದ್ರು?" ಎಂದು ಕೇಳಿದಳು. ಪಕ್ಕದ ಹುಡುಗ, "ಹೋಲ್ ನೈನ್ ಯಾರ್ಡ್ಸ್ ಅಂದ್ರೆ ನಮ್ಮಜ್ಜಿ ಉಡೋ ಒಂಬತ್ತು ಗಜದ ಸೀರೇನಾ?" ಎಂದ. ಏನೂ ಬಿಡದೆ ಪೂರ್ತಿ ಎನ್ನಲು ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ. ಇವುಗಳಲ್ಲಿ ಯಾವುದು ನಿಜ? ನಿಜವಾದ ಕಥೆ ಇರುವ ಮಾತುಗಳು ಯಾವುವು?

ಉತ್ತರ: ನಮಸ್ಕಾರ ಟೀಚರ್. ಮೊದಲು ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. "ಯಾರು ನೋಡಿದ್ರು?" ಅನ್ನೋದು ನಿಘಂಟು ಕಟ್ಟುವವರು ದಿನವೂ ಕೇಳಿಕೊಳ್ಳುವ ಪ್ರಶ್ನೆ. ಈ ಮಾತನ್ನು ಮೊದಲು ಯಾರು ಬರೆದರು, ಎಲ್ಲಿ ಬರೆದರು, ಯಾವ ವರ್ಷ ಬರೆದರು? ಪದಗಳ ಹುಟ್ಟು ಹುಡುಕುವ ಕೆಲಸದ ಮುಕ್ಕಾಲು ಪಾಲು ಇಷ್ಟೇ.

ನೇರವಾಗಿ ಹೇಳಿಬಿಡುತ್ತೇನೆ. ನೀವು ಹೇಳಿದ ನಾಲ್ಕೂ ಕಥೆಗಳು ನಿಜವಲ್ಲ. ಬೇಸರ ಮಾಡ್ಕೋಬೇಡಿ. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಲಕ್ಷಾಂತರ ಜನ ಇವನ್ನು ನಂಬಿದ್ದಾರೆ. ಕೆಲವು ಕಥೆಗಳು ಅಚ್ಚಾದ ಪುಸ್ತಕಗಳಿಗೂ ಹೋಗಿವೆ.

ಇಂಥ ಕಥೆಯನ್ನು ಪರೀಕ್ಷೆ ಮಾಡುವುದು ಹೇಗೆ? ಮಕ್ಕಳಿಗೆ ಮನವರಿಕೆ ಆಗಬೇಕಾದರೆ ನಮ್ಮದೇ ಉದಾಹರಣೆ ಕೊಡಿ. ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂತ ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳುತ್ತದೆ. ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರು ಆಯಿತು. ಎಷ್ಟು ಮುದ್ದಾದ ಕಥೆ ಅಲ್ವಾ? ಆದರೆ ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೆಂಗಳೂರಿನ ಬೇಗೂರಿನಲ್ಲಿ ನಾಗನಾಥೇಶ್ವರ ದೇವಸ್ಥಾನ ಇದೆ. ಅಲ್ಲಿ ಸಿಕ್ಕ ವೀರಗಲ್ಲೊಂದರಲ್ಲಿ 'ಬೆಂಗಳೂರ ಕಾಳೆಗ'ದ ಮಾತು ಬರುತ್ತದೆ. ಆ ಕಲ್ಲು ಕ್ರಿ.ಶ. 890ರ ಸುಮಾರಿನದು. ಅಂದರೆ ಬಲ್ಲಾಳ ಹುಟ್ಟುವ ಎರಡೂವರೆ ಶತಮಾನ ಮೊದಲೇ ಊರಿಗೆ ಆ ಹೆಸರಿತ್ತು. ಕಥೆಯ ಜೊತೆ ವಾದ ಮಾಡುತ್ತಾ ಕೂರಬೇಕಿಲ್ಲ. ಕಲ್ಲಿನ ಮೇಲಿನ ಕಾಲ ನೋಡಿದರೆ ಸಾಕು. ಇಂಗ್ಲಿಷ್ ನುಡಿಗಟ್ಟಿನ ವಿಷಯದಲ್ಲೂ ಹೀಗೇ ಮಾಡಬೇಕು. ಅಲ್ಲಿ ವೀರಗಲ್ಲಿನ ಜಾಗದಲ್ಲಿ ಹಳೆ ನಾಟಕ, ಪತ್ರಿಕೆ, ಕಾಗದ, ಕೋರ್ಟಿನ ದಾಖಲೆ ಇರುತ್ತವೆ.

ಈಗ ಬೆಕ್ಕು ನಾಯಿಗಳ ಮಳೆಗೆ ಬರೋಣ. ಹುಲ್ಲಿನ ಮಾಡಿನ ಕಥೆ ಹರಡಿದ್ದು 1999ರಲ್ಲಿ ಓಡಾಡಿದ ಒಂದು ಇಮೇಲ್‌ನಿಂದ. '1500ರ ಕಾಲದ ಬದುಕು' ಎಂಬಂಥ ತಲೆಬರಹ ಹೊತ್ತು ಅದು ಲೋಕವೆಲ್ಲ ಸುತ್ತಿತು. ಇವತ್ತಿನ ಫಾರ್ವರ್ಡ್‌ಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ಸೋಗೆ ಮನೆ, ಹುಲ್ಲಿನ ಮನೆ ನೋಡಿದವರಿಗೆ ಈ ಕಥೆ ನಿಲ್ಲೋದಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಸರಿಯಾಗಿ ಹೊದಿಸಿದ ಹುಲ್ಲಿನ ಮೇಲೆ ನೀರು ಹರಿದು ಕೆಳಗಿಳಿಯುತ್ತದೆ. ಮಳೆ ಶುರುವಾದರೆ ಯಾವ ಬೆಕ್ಕೂ ಮಾಡಿನ ಹೊರಮೈ ಮೇಲೆ ನೆನೆಯುತ್ತಾ ಮಲಗಿರೋದಿಲ್ಲ, ಒಲೆ ಹತ್ತಿರ ಓಡುತ್ತದೆ. ಇನ್ನು ದಾಖಲೆಗೆ ಬಂದರೆ, 1653ರಲ್ಲಿ ಅಚ್ಚಾದ ರಿಚರ್ಡ್ ಬ್ರೋಮ್ ಎಂಬಾತನ ನಾಟಕದಲ್ಲಿ ನಾಯಿಗಳೂ ಪೋಲ್‌ಕ್ಯಾಟ್‌ಗಳೂ ಸುರಿಯುತ್ತವೆ ಎಂಬ ಮಾತಿದೆ. ಪೋಲ್‌ಕ್ಯಾಟ್ ಅಂದರೆ ನೋಡಲು ಮುಂಗುಸಿಯನ್ನು ಹೋಲುವ ಒಂದು ಪ್ರಾಣಿ. ನಾವು ಇವತ್ತು ಹೇಳುವ ರೂಪದಲ್ಲಿ ಮಾತು ಕಾಣುವುದು 1738ರಲ್ಲಿ, ಜೊನಾಥನ್ ಸ್ವಿಫ್ಟ್ ಬರಹದಲ್ಲಿ. ಅದೇ ಸ್ವಿಫ್ಟ್ 1710ರಲ್ಲಿ ಲಂಡನ್ ಮಳೆಯ ಬಗ್ಗೆ ಬರೆದ ಪದ್ಯದಲ್ಲಿ ಚರಂಡಿಯಲ್ಲಿ ತೇಲುವ ಸತ್ತ ಬೆಕ್ಕು, ಮುಳುಗಿದ ನಾಯಿಮರಿ ಬರುತ್ತವೆ. ಮಾತು ಅಲ್ಲಿಂದಲೇ ಬಂತು ಎಂದು ಕೆಲವರು ಹೇಳುತ್ತಾರೆ. ಆದರೆ ಬ್ರೋಮ್ ನಾಟಕ ಅದಕ್ಕಿಂತ ಅರ್ಧ ಶತಮಾನಕ್ಕೂ ಹೆಚ್ಚು ಹಳೆಯದು.

ಇಲ್ಲಿ ಮಕ್ಕಳಿಗೆ ಇನ್ನೊಂದು ಮಾತು ಹೇಳಬೇಕು. ಎಲ್ಲ ನುಡಿಗಟ್ಟಿನ ಹಿಂದೆಯೂ ಒಂದು ಘಟನೆ ಇರಲೇಬೇಕು ಅಂತಿಲ್ಲ. ನಾವು "ಆಕಾಶಕ್ಕೆ ತೂತು ಬಿದ್ದ ಹಾಗೆ ಮಳೆ" ಅಂತೀವಿ. ಯಾವ ವರ್ಷ ತೂತು ಬಿತ್ತು, ಯಾರು ಕೊರೆದರು ಅಂತ ಯಾರೂ ಕೇಳೋದಿಲ್ಲ. ಮಾತಿನ ರಭಸಕ್ಕೆ ಹುಟ್ಟಿದ ಚಿತ್ರ ಅದು. ಬೆಕ್ಕು ನಾಯಿ ಮಳೆಯೂ ಅಂಥದ್ದೇ ಇರಬಹುದು.

ಅದೇ ಇಮೇಲ್‌ನಲ್ಲಿ 'ಸೇವ್ಡ್ ಬೈ ದ ಬೆಲ್' ಬಗ್ಗೆಯೂ ಒಂದು ಕಥೆ ಇತ್ತು. ಜೀವ ಇರುವಾಗಲೇ ಹೂಳಿಸಿಕೊಂಡವರು ಗೋರಿಯೊಳಗಿಂದ ದಾರ ಎಳೆದು ಗಂಟೆ ಬಾರಿಸುತ್ತಿದ್ದರಂತೆ. ಇದೂ ಸುಳ್ಳು. ಆ ಮಾತು ಬಾಕ್ಸಿಂಗ್ ಕಣದ್ದು. ಏಟು ತಿಂದು ಇನ್ನೇನು ಸೋಲುತ್ತಾನೆ ಅನ್ನುವಾಗ ಸುತ್ತು ಮುಗಿದ ಗಂಟೆ ಬಾರಿಸಿ ಬದುಕಿಕೊಂಡವನ ಮಾತು.

'ರೂಲ್ ಆಫ್ ಥಂಬ್' ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಯಾಕೆಂದರೆ ಇಲ್ಲಿ ಒಂದು ನಿಜವಾದ ಅನ್ಯಾಯವೂ ಸೇರಿಕೊಂಡಿದೆ. ನುಡಿಗಟ್ಟು 17ನೇ ಶತಮಾನದ್ದು. 1692ರಲ್ಲಿ ವಿಲಿಯಂ ಹೋಪ್ ಎಂಬ ಸ್ಕಾಟ್‌ಲೆಂಡಿನವನು ಕತ್ತಿವರಸೆಯ ಪುಸ್ತಕ ಬರೆದ. ವಿದ್ಯೆಯಿಂದ ಕಲಿಯದೆ ಬರೀ ಅಂದಾಜಿನ ಮೇಲೆ ಕತ್ತಿ ಬೀಸುವವನ ಬಗ್ಗೆ ಹೇಳುವಾಗ ಈ ಮಾತನ್ನೇ ಬಳಸಿದ. ಅಲ್ಲಿ ಹೆಂಡತಿಯೂ ಇಲ್ಲ, ಕೋಲೂ ಇಲ್ಲ. ಹೆಬ್ಬೆರಳು ಅಳತೆಯ ಸಾಧನ, ಅಷ್ಟೇ. ನಮ್ಮಲ್ಲಿ ಗೇಣು, ಮೊಳ, ಮಾರು ಇಲ್ವಾ? ಬಡಗಿ, ದರ್ಜಿ, ಗಾರೆ ಕೆಲಸದವರು ಕೈಯಳತೆಯಲ್ಲೇ ಎಷ್ಟೋ ಕೆಲಸ ಮುಗಿಸುತ್ತಾರೆ. ಅಡುಗೆಮನೆಯಲ್ಲಿ ಅಮ್ಮ "ಕೈಯಂದಾಜಿಗೆ ಉಪ್ಪು ಹಾಕು" ಅನ್ನುತ್ತಾಳೆ. ಆ 'ಕೈಯಂದಾಜು' ಇದೆಯಲ್ಲ, ಇಂಗ್ಲಿಷಿನ ಮಾತಿಗೆ ಅದೇ ಸರಿಯಾದ ಕನ್ನಡ.

ಹಾಗಾದರೆ ಹೊಡೆತದ ಕಥೆ ಎಲ್ಲಿಂದ ಬಂತು? 1782ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಫ್ರಾನ್ಸಿಸ್ ಬುಲ್ಲರ್, ಹೆಬ್ಬೆರಳಿಗಿಂತ ದಪ್ಪವಿಲ್ಲದ ಕೋಲಿನಿಂದ ಗಂಡ ಹೊಡೆಯಬಹುದು ಎಂದರು ಅಂತ ಸುದ್ದಿ ಹಬ್ಬಿತು. ಅವರು ಹಾಗೆ ತೀರ್ಪು ಕೊಟ್ಟ ದಾಖಲೆ ಸಿಕ್ಕಿಲ್ಲ. ಆದರೂ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅವರನ್ನು 'ಜಡ್ಜ್ ಥಂಬ್' ಎಂದು ಚಿತ್ರಿಸಿ ಊರಿಗೆಲ್ಲ ಹಂಚಿದ. 1868ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಒಂದು ಕೆಳ ನ್ಯಾಯಾಲಯ, ಹೆಬ್ಬೆರಳು ಗಾತ್ರದ ಬೆತ್ತದಿಂದ ಹೊಡೆಯುವ ಹಕ್ಕು ಗಂಡನಿಗಿದೆ ಎಂದು ನಿಜಕ್ಕೂ ಹೇಳಿತು. ಮೇಲಿನ ನ್ಯಾಯಾಲಯ ಆ ಅಳತೆಯನ್ನು ಒಪ್ಪಲಿಲ್ಲ. ಆದರೆ ಗಂಡನಿಗೆ ಶಿಕ್ಷೆಯನ್ನೂ ಕೊಡಲಿಲ್ಲ. ಅಂದರೆ ಹೆಂಗಸರಿಗೆ ಕೋರ್ಟಿನಲ್ಲಿ ಅನ್ಯಾಯ ಆಗಿದ್ದು ನಿಜ, ಅದನ್ನು ಮಕ್ಕಳಿಗೆ ಖಂಡಿತ ಹೇಳಿ. 'ರೂಲ್ ಆಫ್ ಥಂಬ್' ಎಂಬ ಮಾತು ಅದರಿಂದ ಹುಟ್ಟಲಿಲ್ಲ. ಇವೆರಡಕ್ಕೂ ಗಂಟು ಬಿದ್ದದ್ದು ಬಹಳ ಈಚೆಗೆ, 1970ರ ದಶಕದಲ್ಲಿ.

'ಬೈಟ್ ದ ಬುಲೆಟ್' ಕಥೆ ನಮ್ಮ ದೇಶದಲ್ಲಿ ಇಷ್ಟು ಚೆನ್ನಾಗಿ ಬೇರೂರಿದ್ದು ಯಾಕೆ ಅನ್ನೋದು ಅರ್ಥವಾಗುತ್ತದೆ. ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ದನ, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ, ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ, 1857. ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಆದರೆ ಸಿಪಾಯಿಗಳು ಕಚ್ಚಬೇಕಾಗಿದ್ದು ಏನನ್ನು? ಗುಂಡನ್ನಲ್ಲ. ಮದ್ದು ಸುತ್ತಿಟ್ಟ ಕಾಗದದ ತುದಿಯನ್ನು. ಅದನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಕಚ್ಚೋದು ಅಂದ ಕೂಡಲೇ ನಮಗೆ 1857 ನೆನಪಾಗುತ್ತದೆ. ಅಷ್ಟೇ ಹೋಲಿಕೆ.

ತಾರೀಕು ನೋಡೋಣ. ಫ್ರಾನ್ಸಿಸ್ ಗ್ರೋಸ್ ಎಂಬಾತ ಲಂಡನ್ನಿನ ಬೀದಿ ಮಾತು, ಸೈನಿಕರ ಮಾತು, ಕಳ್ಳರ ಮಾತು ಎಲ್ಲ ಕೂಡಿಹಾಕಿ ಒಂದು ನಿಘಂಟು ಮಾಡಿದ್ದ. ಅದರ 1796ರ ಮುದ್ರಣದಲ್ಲಿ 'ನೈಟಿಂಗೇಲ್' ಎಂಬ ಪದ ಇದೆ. ಅದು ಇಂಪಾಗಿ ಹಾಡುವ ಹಕ್ಕಿಯ ಹೆಸರು. ಸೈನಿಕರ ಬಾಯಲ್ಲಿ ಮಾತ್ರ, ಚಾಟಿ ಏಟು ತಿನ್ನುವಾಗ ಕಿರುಚಿಕೊಳ್ಳುವವನಿಗೆ ಆ ಹೆಸರು. ಕೆಲವು ರೆಜಿಮೆಂಟುಗಳಲ್ಲಿ ಏಟು ಬೀಳುವಾಗ ಸದ್ದು ಮಾಡದಿರುವುದು ಮಾನದ ಪ್ರಶ್ನೆಯಂತೆ. ಹಾಗಾಗಿ ಅವರು ಬಾಯಲ್ಲಿ ಒಂದು ಗುಂಡು ಇಟ್ಟುಕೊಂಡು ಅಗಿಯುತ್ತಿದ್ದರು ಎಂದು ಗ್ರೋಸ್ ಬರೆದಿದ್ದಾನೆ. 1857ಕ್ಕೆ 61 ವರ್ಷ ಮೊದಲು. ಗುಂಡು ಸೀಸದ್ದು, ಸೀಸ ಮೆತ್ತಗಿನ ಲೋಹ. ಹಲ್ಲು ಮುರಿಯದೆ ಕಚ್ಚಬಹುದಿತ್ತು. ಆಮೇಲೆ 1891ರ ಹೊತ್ತಿಗೆ, ನಮ್ಮ ಮುಂಬೈಯಲ್ಲೇ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ ಕಾದಂಬರಿಯೊಂದರಲ್ಲಿ ಇದು ಧೈರ್ಯ ಹೇಳುವ ಮಾತಾಗಿ ಬರುತ್ತದೆ. ಕನ್ನಡದಲ್ಲಿ ನಾವು "ಹಲ್ಲು ಕಚ್ಚಿ ತಡೆದುಕೊಂಡೆ" ಅನ್ನುತ್ತೇವೆ. ಆ ಸೈನಿಕರು ಹಲ್ಲಿನ ನಡುವೆ ಒಂದು ಸೀಸದ ಗುಂಡನ್ನೂ ಇಟ್ಟುಕೊಂಡಿದ್ದರು, ವ್ಯತ್ಯಾಸ ಅಷ್ಟೇ. ನನಗೆ ಈ ನಿಜ ಕಥೆ ಫಾರ್ವರ್ಡಿನ ಕಥೆಗಿಂತ ಹೆಚ್ಚು ತಟ್ಟುತ್ತದೆ. ತಮ್ಮದೇ ಸೈನ್ಯದವರಿಂದ ಚಾಟಿ ಏಟು ತಿನ್ನುತ್ತಿದ್ದ ಬಡ ಸೈನಿಕರ ಮಾತು ಇದು.

'ಪಾಷ್' ಕಥೆ ಹೀಗೆ. ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಹಡಗಿನಲ್ಲಿ ಬರುವಾಗ ಎಡಬದಿ, ಹೋಗುವಾಗ ಬಲಬದಿ ಬಿಸಿಲು ಕಮ್ಮಿ. ದುಡ್ಡಿದ್ದವರು ಆ ಕೋಣೆಗಳನ್ನೇ ಹಿಡಿಯುತ್ತಿದ್ದರು. ಅವರ ಟಿಕೆಟ್ ಮೇಲೆ 'ಪೋರ್ಟ್ ಔಟ್ ಸ್ಟಾರ್‌ಬೋರ್ಡ್ ಹೋಮ್' ಎಂಬುದರ ನಾಲ್ಕು ಮೊದಲಕ್ಷರ ಹೊಡೆಯುತ್ತಿದ್ದರು. ಕೇಳೋಕೆ ತುಂಬಾ ಸರಿ ಅನ್ನಿಸುತ್ತದೆ. ಆದರೆ ಅಂಥ ಒಂದೇ ಒಂದು ಟಿಕೆಟ್ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಆ ಪದ 1890ರಲ್ಲೇ ಷೋಕಿಲಾಲ ಎಂಬ ಅರ್ಥದಲ್ಲಿ ಒಂದು ನಿಘಂಟಿನಲ್ಲಿದೆ. ಅದಕ್ಕೂ ಮುಂಚೆ ಲಂಡನ್ನಿನ ಗಲ್ಲಿಗಳಲ್ಲಿ 'ಪಾಷ್' ಅಂದರೆ ಕಾಸು, ಚಿಲ್ಲರೆ ದುಡ್ಡು. ಅದು ರೋಮಾನಿ ಭಾಷೆಯ ಪದ, ಮೂಲದ ಅರ್ಥ 'ಅರ್ಧ'. ಅರ್ಧ ಪೆನ್ನಿಗೆ ಅವರು ಹಾಗನ್ನುತ್ತಿದ್ದರು. ಕಾಸಿನಿಂದ ಕಾಸುಳ್ಳವನಿಗೆ, ಅವನಿಂದ ಅವನ ಬಟ್ಟೆ, ಬೀದಿ, ಬಂಗಲೆಗೆ ಹೆಸರು ದಾಟಿರಬೇಕು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ರೋಮಾನಿ ಜನ ಯಾರು ಗೊತ್ತಲ್ವಾ? ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಹೊರಟು ಯೂರೋಪಿನವರೆಗೆ ನಡೆದುಹೋದವರು. ಅವರ ಭಾಷೆ ಹಿಂದಿ, ಪಂಜಾಬಿಗಳ ಬಂಧು. ನಿಮ್ಮ ಕ್ಲಾಸಿನ ಹುಡುಗರು ಗೆಳೆಯನಿಗೆ 'ಪಾಲ್' ಎಂಬ ಇಂಗ್ಲಿಷ್ ಪದ ಕಲಿತಿರುತ್ತಾರೆ. ಅದು ನಿಸ್ಸಂಶಯವಾಗಿ ರೋಮಾನಿ ಪದ. ಅಣ್ಣತಮ್ಮ ಎಂದು ಅರ್ಥ. ಸಂಸ್ಕೃತದ 'ಭ್ರಾತೃ' ಸಾವಿರಾರು ಮೈಲಿ ನಡೆದು, ಸವೆದು 'ಪಾಲ್' ಆಗಿದೆ. ಹಡಗಿನ ಟಿಕೆಟ್‌ನ ಸುಳ್ಳು ಕಥೆ ಬಿಟ್ಟರೆ ಭಾರತದ ನಂಟು ತಪ್ಪಿಹೋಗುತ್ತದೆ ಅಂತ ಯಾರೂ ಅಂದುಕೊಳ್ಳಬೇಕಿಲ್ಲ. ನಿಜವಾದ ನಂಟು ಇನ್ನೂ ಆಳದಲ್ಲಿದೆ.

ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರೂ ಮಾತು ಹೊತ್ತುಕೊಂಡು ಹೋಗಿದ್ದಾರೆ. ಇಂಗ್ಲಿಷಿನಲ್ಲಿ ತಲೆ ಕೆಟ್ಟವನಿಗೆ 'ಗಾನ್ ಡೂಲ್ಯಾಲಿ' ಅನ್ನುತ್ತಾರೆ. ಅದು ನಾಸಿಕದ ಹತ್ತಿರದ ದೇವ್‌ಲಾಲಿ. ಸೇವೆ ಮುಗಿದ ಸೈನಿಕರು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿನ ಶಿಬಿರದಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಕೆಲಸವಿಲ್ಲ, ಬಿಸಿಲು, ಜ್ವರ. ಕೆಲವರ ಮನಸ್ಸು ಕೆಡುತ್ತಿತ್ತು. ಮೊದಲು 'ಡೂಲ್ಯಾಲಿ ಟ್ಯಾಪ್' ಎನ್ನುತ್ತಿದ್ದರು. ಆ 'ಟ್ಯಾಪ್' ನಮ್ಮ 'ತಾಪ'. ಇನ್ನು ಇಂಗ್ಲೆಂಡನ್ನು ಅವರು ಪ್ರೀತಿಯಿಂದ ಕರೆಯುವ 'ಬ್ಲೈಟಿ' ಎಂಬ ಹೆಸರು ಬಂದದ್ದು ನಮ್ಮ 'ವಿಲಾಯತಿ'ಯಿಂದ. ವಿಲಾಯತಿ ಅಂದರೆ ಪರದೇಶದ್ದು. ಕನ್ನಡದಲ್ಲಿ ಅದೇ ಕೆಲಸವನ್ನು 'ಸೀಮೆ' ಮಾಡುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಪರದೇಶದ್ದು ಎಂದು ನಾವಿಟ್ಟ ಹೆಸರೇ ಅವರಿಗೆ ತಮ್ಮ ಮನೆಯ ಹೆಸರಾಯಿತು! ಮೊದಲ ಮಹಾಯುದ್ಧದಲ್ಲಿ, ಸಾಯುವಷ್ಟಲ್ಲದ, ಆದರೆ ಊರಿಗೆ ಕಳಿಸುವಷ್ಟು ದೊಡ್ಡ ಗಾಯಕ್ಕೆ 'ಬ್ಲೈಟಿ ಗಾಯ' ಎಂದೇ ಹೆಸರಿತ್ತು. ಕಂದಕದಲ್ಲಿದ್ದ ಹುಡುಗರು ಅಂಥ ಗಾಯಕ್ಕೆ ಹಂಬಲಿಸುತ್ತಿದ್ದರು.

ಈಗ ನಿಮ್ಮ ಎರಡನೇ ಪ್ರಶ್ನೆ. ನಿಜವಾದ ಕಥೆ ಇರುವ ಮಾತುಗಳು. ನಾನು ಮೊದಲು ಆರಿಸುವುದು 'ಡೆಡ್‌ಲೈನ್'. ಕನ್ನಡದಲ್ಲಿ 'ಗಡುವು' ಎಂಬ ಒಳ್ಳೆ ಪದ ಇದ್ದರೂ ನಾವೆಲ್ಲ ದಿನಕ್ಕೆ ಹತ್ತು ಸಲ ಡೆಡ್‌ಲೈನ್ ಅನ್ನುತ್ತೇವೆ. ಆ ಪದದೊಳಗೆ ಸಾವು ಯಾಕಿದೆ ಎಂದು ಯೋಚಿಸೋದಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಫೆಬ್ರವರಿಯಲ್ಲಿ, ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್ ಎಂಬಲ್ಲಿ ದಕ್ಷಿಣದ ಸೈನ್ಯ ಒಂದು ಸೆರೆಶಿಬಿರ ತೆರೆಯಿತು. ಸುತ್ತ ಎತ್ತರದ ಮರದ ದಿಮ್ಮಿಗಳ ಗೋಡೆ. ಗೋಡೆಯಿಂದ ಒಳಗೆ ಸುಮಾರು 19 ಅಡಿ ದೂರದಲ್ಲಿ ಗೂಟ ನೆಟ್ಟು, ಮೇಲೆ ಮರದ ಪಟ್ಟಿ ಹೊಡೆದ ಒಂದು ತೆಳು ಬೇಲಿ. ಅದನ್ನು ದಾಟಿದ ಸೆರೆಯಾಳನ್ನು ಕಾವಲುಗಾರ ಎಚ್ಚರಿಕೆ ಕೊಡದೆ ಗುಂಡಿಟ್ಟು ಕೊಲ್ಲಬಹುದಿತ್ತು. ಆ ಗೆರೆಗೇ 'ಡೆಡ್ ಲೈನ್' ಎಂದು ಹೆಸರು.

14 ತಿಂಗಳಲ್ಲಿ ಆ ಶಿಬಿರಕ್ಕೆ ಸುಮಾರು 45,000 ಸೆರೆಯಾಳುಗಳು ಬಂದರು. ಅವರಲ್ಲಿ ಹೆಚ್ಚುಕಡಿಮೆ 13,000 ಮಂದಿ ಅಲ್ಲೇ ಸತ್ತರು. ಜಾಸ್ತಿ ಜನ ಸತ್ತದ್ದು ಗುಂಡಿಗಲ್ಲ, ಹಸಿವು, ಭೇದಿ, ಕೊಳಕು ನೀರಿಗೆ. ಯುದ್ಧ ಮುಗಿದ ಮೇಲೆ ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್ ಮೇಲೆ ವಿಚಾರಣೆ ನಡೆಯಿತು. 1865ರ ನವೆಂಬರ್ 10ರಂದು ವಾಷಿಂಗ್ಟನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ವಿಚಾರಣೆಯ ವರದಿಗಳಿಂದ 'ಡೆಡ್ ಲೈನ್' ಅಮೆರಿಕದ ಮನೆಮನೆಗೂ ಗೊತ್ತಾಯಿತು. ಆಮೇಲೆ ದಾಟಬಾರದ ಯಾವುದೇ ಗೆರೆಗೂ ಆ ಹೆಸರು ಬಂತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಪತ್ರಿಕಾ ಕಚೇರಿಯವರು ಅದನ್ನು ಜಾಗದ ಗೆರೆಯಿಂದ ಹೊತ್ತಿನ ಗೆರೆಗೆ ತಂದರು. ನಮ್ಮ ಮಕ್ಕಳಿಗೆ ಲಕ್ಷ್ಮಣರೇಖೆ ಗೊತ್ತು. ಅದು ಒಳಗಿದ್ದವಳನ್ನು ಕಾಪಾಡಲು ಎಳೆದದ್ದು. ಇದು ಒಳಗಿದ್ದವರನ್ನು ಕೊಲ್ಲಲು ಎಳೆದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದರೆ ಯಾವ ಮಗುವೂ ಮರೆಯೋದಿಲ್ಲ.

ಇದಕ್ಕೆ ಪೂರ್ತಿ ಬೇರೆ ಬಗೆಯ ಕಥೆ 'ಓಕೆ'ಯದು. ಭೂಮಿಯ ಮೇಲೆ ಇಷ್ಟು ದೂರ ಹರಡಿದ ಪದ ಇನ್ನೊಂದಿಲ್ಲ ಅನ್ನಿಸುತ್ತದೆ. ನಮ್ಮ ಹಳ್ಳಿಯ ಅಜ್ಜಂದಿರೂ "ಓಕೆ ಬಿಡಪ್ಪ" ಅನ್ನುತ್ತಾರೆ. ಇದಕ್ಕೆ ಗ್ರೀಕ್ ಮೂಲ, ಅಮೆರಿಕದ ಮೂಲನಿವಾಸಿ ಚೊಕ್ಟಾ ಜನರ ಮೂಲ ಅಂತ ಹತ್ತಾರು ಕಥೆಗಳಿದ್ದವು. ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು ಹಳೆ ಪತ್ರಿಕೆಗಳನ್ನು ವರ್ಷಗಟ್ಟಲೆ ತಿರುವಿಹಾಕಿ, 1963 ಮತ್ತು 1964ರಲ್ಲಿ ಉತ್ತರ ಪ್ರಕಟಿಸಿದರು. 1830ರ ದಶಕದ ಕೊನೆಯಲ್ಲಿ ಬಾಸ್ಟನ್ ನಗರದ ಪತ್ರಿಕೆಯವರಿಗೆ ಒಂದು ಚಟ ಹತ್ತಿತ್ತು. ಮಾತುಗಳನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು, ಅದರ ಮೊದಲಕ್ಷರ ಮಾತ್ರ ಅಚ್ಚು ಹಾಕೋದು. 'ಆಲ್ ರೈಟ್' ಎನ್ನಲು 'ಓ. ಡಬ್ಲ್ಯು.' 'ಆಲ್ ಕರೆಕ್ಟ್' ಎನ್ನಲು 'ಓ. ಕೆ.' ಎರಡರಲ್ಲೂ ಒಂದೊಂದು ಅಕ್ಷರವೂ ತಪ್ಪು! 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ ಓಕೆ ಮೊದಲು ಕಾಣಿಸಿಕೊಂಡಿತು. ತಾರೀಕಿನ ಸಮೇತ.

ಆ ತಮಾಷೆಯ ಬೇರೆ ಪದಗಳೆಲ್ಲ ಒಂದೆರಡು ವರ್ಷದಲ್ಲಿ ಸತ್ತವು. ಓಕೆ ಬದುಕಿದ್ದು ಚುನಾವಣೆಯಿಂದ. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಮತ್ತೆ ಕಣಕ್ಕಿಳಿದಿದ್ದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಬೆಂಬಲಿಗರು ಅವರನ್ನು 'ಓಲ್ಡ್ ಕಿಂಡರ್‌ಹುಕ್' ಎಂದು ಕರೆದು, ಅದೇ ಎರಡಕ್ಷರವನ್ನು ಘೋಷಣೆ ಮಾಡಿಕೊಂಡರು. ವ್ಯಾನ್ ಬ್ಯೂರನ್ ಸೋತರು. ಅವರ ಘೋಷಣೆ ಗೆದ್ದಿತು. ಮೊದಲಕ್ಷರದಿಂದ ಪದ ಹುಟ್ಟಿತು ಎಂಬ ಕಥೆ ಕೇಳಿದರೆ ಸಾಮಾನ್ಯವಾಗಿ ನಂಬಬೇಡಿ, ಅದರಲ್ಲೂ ಪದ 1900ಕ್ಕಿಂತ ಹಳೆಯದಾಗಿದ್ದರೆ. ಪಾಷ್ ಕಥೆ ಬಿದ್ದದ್ದು ಹಾಗೆ. ಓಕೆ ಅಪರೂಪದ ಅಪವಾದ, ಅದಕ್ಕೆ ಪುರಾವೆ ಇರೋದ್ರಿಂದ ಒಪ್ಪುತ್ತೇವೆ.

'ರೀಡ್ ದ ರಯಟ್ ಆ್ಯಕ್ಟ್' ಎಂಬ ಮಾತೂ ಅಕ್ಷರಶಃ ನಿಜ. ಜೋರಾಗಿ ಬೈದು ಎಚ್ಚರಿಸುವುದಕ್ಕೆ ಇದನ್ನು ಬಳಸುತ್ತಾರೆ. ಬ್ರಿಟನ್ನಿನಲ್ಲಿ 1715ರ ಆಗಸ್ಟ್ 1ರಿಂದ ಒಂದು ಕಾಯ್ದೆ ಜಾರಿಗೆ ಬಂತು. ಹನ್ನೆರಡು ಅಥವಾ ಹೆಚ್ಚು ಜನ ಸೇರಿ ಗಲಭೆ ಮಾಡುತ್ತಿದ್ದರೆ ಮ್ಯಾಜಿಸ್ಟ್ರೇಟ್ ಅವರ ಎದುರು ನಿಂತು ರಾಜಾಜ್ಞೆಯನ್ನು ಗಟ್ಟಿಯಾಗಿ ಓದಬೇಕು. ಓದಿದ ಒಂದು ಗಂಟೆಯೊಳಗೆ ಚದುರದಿದ್ದರೆ ಮರಣದಂಡನೆಯವರೆಗೂ ಶಿಕ್ಷೆ ಇತ್ತು. ಒಂದು ಪದ ಬಿಡುವ ಹಾಗಿರಲಿಲ್ಲ. ಕೊನೆಯಲ್ಲಿ "ದೇವರು ರಾಜನನ್ನು ಕಾಪಾಡಲಿ" ಎಂಬ ಸಾಲು ಓದಲು ಮರೆತಿದ್ದಕ್ಕೆ ಆರೋಪಿಗಳ ಶಿಕ್ಷೆ ರದ್ದಾದದ್ದೂ ಉಂಟು. ನಮ್ಮಲ್ಲಿ '144 ಹಾಕಿದ್ದಾರೆ' ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಈಗ ಆ ಕಾನೂನಿನ ಸಂಖ್ಯೆ ಬದಲಾಗಿದೆ, ಆದರೂ ಜನರ ಬಾಯಲ್ಲಿ 144 ಉಳಿದಿದೆ. ಕಾಯ್ದೆ ಹೋದರೂ ಮಾತು ಉಳಿಯುವುದು ಹೀಗೇ.

ಇನ್ನೊಬ್ಬರ ಹೆಚ್ಚುಗಾರಿಕೆಯನ್ನು ಕಸಿದುಕೊಳ್ಳುವುದಕ್ಕೆ ಹೇಳುವ 'ಸ್ಟೀಲ್ ಮೈ ಥಂಡರ್' ರಂಗಭೂಮಿಯದು. 1709ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಜಾನ್ ಡೆನಿಸ್ ತನ್ನ ನಾಟಕಕ್ಕಾಗಿ ಗುಡುಗಿನ ಸದ್ದು ಮಾಡುವ ಹೊಸ ಉಪಾಯ ಕಂಡುಹಿಡಿದ. ನಾಟಕ ಓಡಲಿಲ್ಲ, ನಿಲ್ಲಿಸಿಬಿಟ್ಟರು. ಸ್ವಲ್ಪ ದಿನದ ಮೇಲೆ ಅಲ್ಲೇ 'ಮ್ಯಾಕ್‌ಬೆತ್' ನೋಡಲು ಹೋದಾಗ ಅವನದೇ ಗುಡುಗು ಕೇಳಿಸಿತು. ನನ್ನ ನಾಟಕ ಆಡೋದಿಲ್ಲ, ನನ್ನ ಗುಡುಗು ಮಾತ್ರ ಬೇಕು ಎಂದು ಅವನು ಸಿಟ್ಟಿನಿಂದ ಕೂಗಿದ ಎಂದು ಆಗಿನವರು ಬರೆದಿಟ್ಟಿದ್ದಾರೆ.

ಕೆಂಪು ಪಟ್ಟಿ ಎಂದು ನಮ್ಮ ಪತ್ರಿಕೆಗಳು ಬರೆಯುವ 'ರೆಡ್ ಟೇಪ್' ಬಗ್ಗೆ, ಅಂದರೆ ಕಚೇರಿಗಳ ನಿಯಮದ ತೊಡಕಿನ ಬಗ್ಗೆ, ಜಾಸ್ತಿ ಹೇಳಬೇಕಿಲ್ಲ. ಇಂಗ್ಲೆಂಡಿನ ಕಚೇರಿಗಳಲ್ಲಿ ಕಾಗದಪತ್ರಗಳನ್ನು ನಿಜಕ್ಕೂ ಕೆಂಪು ದಾರದ ಪಟ್ಟಿಯಲ್ಲೇ ಕಟ್ಟುತ್ತಿದ್ದರು. ಆದರೆ ಇದರ ಜೊತೆ ಮಕ್ಕಳಿಗೆ ನಮ್ಮ 'ಕಡತ'ದ ಕಥೆ ಹೇಳಿ. ಇವತ್ತು ಕಡತ ಅಂದರೆ ಫೈಲು. ಮೊದಲು ಕಡತ ಅಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಮಸಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಸಿಕ್ಕಿವೆ. ಬಟ್ಟೆ ಹೋಯಿತು, ಹೆಸರು ಕಾಗದಕ್ಕೆ ಬಂತು.

ಹಡಗಿನ ಮಾತುಗಳು ಇಂಗ್ಲಿಷಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಒಂದೆರಡು ಮಾತ್ರ ಹೇಳುತ್ತೇನೆ. ಕಚೇರಿ ಇಂಗ್ಲಿಷಿನಲ್ಲಿ ಬರುವ 'ಬೈ ಅಂಡ್ ಲಾರ್ಜ್' ಹಾಯಿ ಹಡಗಿನದು. ಗಾಳಿಗೆ ಆದಷ್ಟು ಎದುರಾಗಿ ಹೋಗುವುದು 'ಬೈ', ಗಾಳಿಯನ್ನು ಬೆನ್ನಿಗೆ ಪಡೆದು ಹೋಗುವುದು 'ಲಾರ್ಜ್'. ಎರಡರಲ್ಲೂ ಚೆನ್ನಾಗಿ ಸಾಗುವ ಹಡಗು ಒಟ್ಟಾರೆ ಒಳ್ಳೆ ಹಡಗು. ಬೆಚ್ಚಿಬೀಳುವುದಕ್ಕೆ ಹೇಳುವ 'ಟೇಕನ್ ಅಬ್ಯಾಕ್' ಅಂದರೆ ಮೂಲದಲ್ಲಿ ಗಾಳಿ ಥಟ್ಟನೆ ತಿರುಗಿ ಹಾಯಿ ಹಿಂದಕ್ಕೆ ಒತ್ತಿ ಹಡಗು ನಿಂತುಬಿಡುವುದು. ಕಷ್ಟವಾದರೂ ಕಟ್ಟಕಡೆಯವರೆಗೆ ಎನ್ನಲು ಬಳಸುವ 'ಬಿಟರ್ ಎಂಡ್' ಎಂಬುದರಲ್ಲಿ ಕಹಿ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 1627ರಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಬೇರೆಯೇ ಅರ್ಥವಿದೆ. ಲಂಗರಿನ ಹಗ್ಗ ಕಟ್ಟುವ ಗೂಟಗಳಿಗೆ 'ಬಿಟ್ಸ್' ಎಂದು ಹೆಸರು. ಹಡಗಿನೊಳಗೆ ಆ ಗೂಟದ ಬಳಿ ಉಳಿಯುವ ಹಗ್ಗದ ತುದಿ 'ಬಿಟರ್ಸ್ ಎಂಡ್'. ಅಲ್ಲಿಗೆ ಬಂದರೆ ಬಿಡಲು ಇನ್ನು ಹಗ್ಗ ಇಲ್ಲ. ಬೈಬಲ್ಲಿನಲ್ಲಿ ಕಹಿಯಾದ ಅಂತ್ಯದ ಮಾತೂ ಇರುವುದರಿಂದ ಎರಡೂ ಬೆರೆತಿರಬಹುದು.

ಕೊನೆಗೆ ಅಜ್ಜಿಯ ಸೀರೆ. ಆ ಹುಡುಗನಿಗೆ ಬೇಜಾರಾಗದ ಹಾಗೆ ಹೇಳಿ, ಯಾಕೆಂದರೆ ಅವನ ಊಹೆ ಅಮೆರಿಕದವರ ಊಹೆಗಳಿಗಿಂತ ಕಮ್ಮಿಯದ್ದೇನೂ ಅಲ್ಲ. ಎರಡನೇ ಮಹಾಯುದ್ಧದ ವಿಮಾನದಲ್ಲಿದ್ದ ಗುಂಡಿನ ಸರದ ಉದ್ದ ಒಂಬತ್ತು ಗಜ, ಅದರಿಂದ ಬಂತು ಅಂತ ಅವರಲ್ಲಿ ಎಷ್ಟೋ ಜನ ಆಣೆ ಮಾಡಿ ಹೇಳುತ್ತಿದ್ದರು. ಆಮೇಲೆ ಹಳೆ ಪತ್ರಿಕೆಗಳು ಕಂಪ್ಯೂಟರಿಗೆ ಬಂದವು. 2012ರಲ್ಲಿ ಬಾನಿ ಟೇಲರ್-ಬ್ಲೇಕ್ ಎಂಬವರು ಕೆಂಟಕಿಯ ಒಂದು ಸಣ್ಣ ಪತ್ರಿಕೆಯಲ್ಲಿ ಈ ಮಾತು ಕಂಡುಹಿಡಿದರು. ಅವರ ಕೆಲಸ ನರವಿಜ್ಞಾನದ ಸಂಶೋಧನೆ. ಪದ ಹುಡುಕುವುದು ಬಿಡುವಿನ ಹವ್ಯಾಸ. ಆ ಪತ್ರಿಕೆಯ ವರ್ಷ 1912. ಅದರಲ್ಲಿದ್ದದ್ದು 'ಹೋಲ್ ಸಿಕ್ಸ್ ಯಾರ್ಡ್ಸ್', ಆರು ಗಜ! ಮುಂದೆ ಇಂಡಿಯಾನಾದ ಊರಿನ ಪತ್ರಿಕೆಯೊಂದರಲ್ಲಿ 1907ರ ಬೇಸ್‌ಬಾಲ್ ಸುದ್ದಿಯಲ್ಲಿ 'ಫುಲ್ ನೈನ್ ಯಾರ್ಡ್ಸ್' ಸಿಕ್ಕಿತು. ಎರಡೂ ಮಹಾಯುದ್ಧಗಳಿಗೆ ಮೊದಲೇ. ಆರು, ಒಂಬತ್ತು ಎರಡೂ ನಡೆಯುತ್ತಿದ್ದವು ಅಂದ ಮೇಲೆ ಯಾವುದೋ ಒಂದು ವಸ್ತುವಿನ ಖಚಿತ ಅಳತೆ ಅದಲ್ಲ. ಸೀರೆಯೂ ಅಲ್ಲ, ಗುಂಡಿನ ಸರವೂ ಅಲ್ಲ.

ಆ ಪತ್ರಿಕೆಗಳನ್ನು ಹುಡುಕಲು ಬೇಕಿದ್ದು ತಾಳ್ಮೆ ಮತ್ತು ಒಂದು ಕಂಪ್ಯೂಟರ್. ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಇದ್ದರೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆ ಪತ್ರಿಕೆಗಳ ಪುಟಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಹುಡುಕುವ ಹಾಗೆ ಇಟ್ಟಿದೆ. "ಯಾರು ನೋಡಿದ್ರು?" ಎಂದು ಕೇಳಿದ ಆ ಹುಡುಗಿಯನ್ನು ಒಂದು ಶನಿವಾರ ಅದರ ಮುಂದೆ ಕೂರಿಸಿ. 'ಡೆಡ್ ಲೈನ್' ಎಂದು ಟೈಪ್ ಮಾಡಿ, ವರ್ಷ 1865 ಎಂದು ಕೊಡಲಿ. ಅವಳೇ ನೋಡುತ್ತಾಳೆ.